ಆಂಟಿವೈರಸ್‌ಗೆ ದುಡ್ಡು ಕೊಡೋ ಮುಂಚೆ ಈ ಲೆಕ್ಕ ಹಾಕಿ

ಇವತ್ತು ಮಾತಾಡೋದು ನಿಮ್ಮ ಕೈಯಲ್ಲಿರೋ ಫೋನಿನ ಬಗ್ಗೆ ಅಲ್ಲ, ಮನೆಯ ಮೂಲೆಯಲ್ಲಿರೋ ಕಂಪ್ಯೂಟರ್ ಬಗ್ಗೆ. ಅದೇ, ಅಪ್ಪ ಅಂಗಡಿಯ ಜಿಎಸ್‌ಟಿ ಲೆಕ್ಕ ಇಡೋದು, ತಂಗಿ ಪ್ರಾಜೆಕ್ಟ್ ಮಾಡೋದು, ಊರಿಗೆ ಹೋದಾಗ ನೀವು ವಾಟ್ಸಾಪ್ ವೆಬ್ ತೆರೆಯೋದು, ಎಲ್ಲಾ ಒಂದೇ ಕಂಪ್ಯೂಟರ್‌ನಲ್ಲಿ.

ಮನೇಲಿ ನಿಮಗೆ ಅಲ್ಪಸ್ವಲ್ಪ ಕಂಪ್ಯೂಟರ್ ಗೊತ್ತು ಅಂದ್ರೆ ಮುಗೀತು, ಈ ಪ್ರಶ್ನೆ ನಿಮ್ಮ ಹತ್ರಾನೇ ಬರತ್ತೆ: "ಯಾವ ಆಂಟಿವೈರಸ್ ಹಾಕಿಸ್ಲಿ?" ನನ್ನ ಉತ್ತರ ಮೊದಲೇ ಹೇಳ್ಬಿಡ್ತೀನಿ. ಹೆಚ್ಚಿನ ಮನೆಗಳಿಗೆ ಹೊಸದಾಗಿ ಕೊಳ್ಳೋ ಅಗತ್ಯ ಇಲ್ಲ. ಆದ್ರೆ ಕೊಳ್ಳದೇ ಸುಮ್ಮನಿದ್ರೂ ಸಾಲದು. ಆ ದುಡ್ಡು, ಆ ಗಮನ ಬೇರೆ ಕಡೆ ಹೋಗ್ಬೇಕು. ನಾನು ಓದಿದ್ದು ಬಿ.ಕಾಂ, ಹಾಗಾಗಿ ಇದನ್ನೂ ಜಮಾ-ಖರ್ಚಿನ ಥರಾನೇ ನೋಡೋಣ.

ಮೊದಲು, ಕಳೆದುಕೊಳ್ಳೋದು ಏನು?

ಹಿಂದೆ ವೈರಸ್ ಅಂದ್ರೆ ಕಂಪ್ಯೂಟರ್ ನಿಧಾನ ಆಗೋದು, ಪೆನ್‌ಡ್ರೈವ್‌ನಲ್ಲಿರೋ ಫೋಲ್ಡರ್‌ಗಳೆಲ್ಲಾ ಶಾರ್ಟ್‌ಕಟ್ ಆಗಿಬಿಡೋದು. ಕಿರಿಕಿರಿ ಆಗ್ತಿತ್ತು, ಆದ್ರೆ ಕಣ್ಣಿಗೆ ಕಾಣ್ತಿತ್ತು. ಈಗಿನದ್ದು ಸದ್ದೇ ಮಾಡಲ್ಲ. ಇವಕ್ಕೆ 'ಇನ್ಫೋ ಸ್ಟೀಲರ್' ಅಂತಾರೆ, ಅಂದ್ರೆ ಮಾಹಿತಿ ಕದಿಯೋ ಸಾಫ್ಟ್‌ವೇರ್. ಬ್ರೌಸರ್‌ನಲ್ಲಿ ನೀವು ಸೇವ್ ಮಾಡಿಟ್ಟ ಪಾಸ್‌ವರ್ಡ್‌ಗಳು, ಲಾಗಿನ್ ಕುಕಿಗಳು ಎಲ್ಲವನ್ನೂ ಕೆಲವೇ ಕ್ಷಣದಲ್ಲಿ ಗಂಟು ಕಟ್ಟಿ ಕಳಿಸಿಬಿಡತ್ತೆ.

ಕುಕಿ ಅಂದ್ರೆ ಏನು? ಥಿಯೇಟರ್‌ನಲ್ಲಿ ಇಂಟರ್ವಲ್‌ಗೆ ಹೊರಗೆ ಹೋಗುವಾಗ ಪಾಸ್ ಕೊಡ್ತಾರಲ್ಲ, ಹಾಗೆ. ಅದನ್ನು ತೋರಿಸಿದ್ರೆ ಮತ್ತೆ ಟಿಕೆಟ್ ಕೇಳಲ್ಲ. ಕಳ್ಳನ ಕೈಗೆ ನಿಮ್ಮ ಕುಕಿ ಸಿಕ್ಕಿದ್ರೆ ಎಷ್ಟೋ ಸಲ ಅವನಿಗೆ ಪಾಸ್‌ವರ್ಡೂ ಬೇಡ, ಓಟಿಪಿನೂ ಬೇಡ. ಬ್ಯಾಂಕ್ ಸೈಟ್‌ಗಳು ಸ್ವಲ್ಪ ಹೊತ್ತಲ್ಲೇ ಲಾಗೌಟ್ ಮಾಡ್ತವೆ. ಆದ್ರೆ ಇಮೇಲ್ ತಿಂಗಳುಗಟ್ಟಲೆ ತೆರೆದೇ ಇರತ್ತೆ. ಇಮೇಲ್ ಹೋದ್ರೆ ಉಳಿದ ಅಕೌಂಟ್‌ಗಳ ಪಾಸ್‌ವರ್ಡ್ ರೀಸೆಟ್ ಮಾಡೋ ದಾರಿನೂ ಹೋಯ್ತು.

ಇದು ಎಷ್ಟು ದೊಡ್ಡದು ಅನ್ನೋಕೆ ಒಂದು ಅಂಕಿ. 'ಲುಮ್ಮಾ' ಅನ್ನೋ ಒಂದೇ ಸ್ಟೀಲರ್ 2025ರ ಮಾರ್ಚ್ 16ರಿಂದ ಮೇ 16ರವರೆಗೆ, ಬರೀ ಎರಡು ತಿಂಗಳಲ್ಲಿ, ಜಗತ್ತಿನಾದ್ಯಂತ 3 ಲಕ್ಷದ 94 ಸಾವಿರಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಿಗೆ ಹೊಕ್ಕಿದ್ದನ್ನು ಮೈಕ್ರೋಸಾಫ್ಟ್ ಗುರುತಿಸಿತ್ತು. ಇದರ ಜೊತೆಗೆ ರಾನ್ಸಮ್‌ವೇರ್ ಬೇರೆ ಇದೆ. ಅದು ಕದಿಯೋದಷ್ಟೇ ಅಲ್ಲ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳತ್ತೆ. ಅಂಗಡಿಯ ಐದು ವರ್ಷದ ಟ್ಯಾಲಿ ಡೇಟಾ ಒಂದೇ ಕಂಪ್ಯೂಟರ್‌ನಲ್ಲಿ ಇದ್ರೆ ಏನಾಗತ್ತೆ, ಯೋಚನೆ ಮಾಡಿ.

ಈಗಾಗಲೇ ನಿಮ್ಮ ಹತ್ರ ಏನಿದೆ?

ವಿಂಡೋಸ್ 10 ಮತ್ತು 11ರ ಜೊತೆ ಮೈಕ್ರೋಸಾಫ್ಟ್ ಡಿಫೆಂಡರ್ ಬಂದೇ ಬರತ್ತೆ. ಬೇರೆ ದುಡ್ಡು ಇಲ್ಲ. "ಪುಕ್ಸಟ್ಟೆ ಬಂದಿದ್ದು ಏನು ಕಾಪಾಡತ್ತೆ?" ಅನ್ನೋರಿಗೆ ಒಂದು ಮಾತು. ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿ ಎವಿ-ಟೆಸ್ಟ್ ಅನ್ನೋ ಲ್ಯಾಬ್ ಇದೆ. ರಕ್ಷಣೆ, ವೇಗ, ಬಳಕೆ ಅಂತ ಮೂರು ವಿಷಯಕ್ಕೆ ತಲಾ 6ರಂತೆ ಒಟ್ಟು 18 ಅಂಕ ಇಟ್ಟು ಆಂಟಿವೈರಸ್‌ಗಳನ್ನು ಪರೀಕ್ಷೆ ಮಾಡತ್ತೆ. ಇತ್ತೀಚಿನ ವರ್ಷಗಳಲ್ಲಿ ಡಿಫೆಂಡರ್ ಹಲವು ಸಲ 18ಕ್ಕೆ 18 ತಗೊಂಡಿದೆ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಎವಿ-ಕಂಪ್ಯಾರಟಿವ್ಸ್ ಅಂತ ಇನ್ನೊಂದು ಲ್ಯಾಬ್ ಇದೆ. ಎರಡರ ಫಲಿತಾಂಶನೂ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗತ್ತೆ. ಯಾವುದೇ ಆಂಟಿವೈರಸ್ ಕೊಳ್ಳೋ ಮುಂಚೆ ಯೂಟ್ಯೂಬ್ ರಿವ್ಯೂ ನೋಡೋ ಬದಲು ಇವೆರಡನ್ನು ನೋಡಿ. ಯಾಕಂದ್ರೆ ವಿಡಿಯೋದ ಕೆಳಗೆ ಡಿಸ್ಕೌಂಟ್ ಲಿಂಕ್ ಇದ್ರೆ, ನೀವು ಕ್ಲಿಕ್ ಮಾಡಿ ಕೊಂಡಾಗ ಅವರಿಗೆ ಕಮಿಷನ್ ಹೋಗೋ ಸಾಧ್ಯತೆ ಇರತ್ತೆ.

ಡಿಫೆಂಡರ್‌ಗೂ ದೌರ್ಬಲ್ಯ ಇದೆ. ಅದರ ಬುದ್ಧಿಯ ದೊಡ್ಡ ಪಾಲು ಕ್ಲೌಡ್‌ನಲ್ಲಿದೆ. ಇಂಟರ್‌ನೆಟ್ ಇಲ್ಲದಾಗ ಅದರ ಹಿಡಿತ ಸಡಿಲ ಆಗತ್ತೆ. ನಿಮ್ಮ ಮನೆ ಕಂಪ್ಯೂಟರ್‌ಗೆ ನೆಟ್ ಅಪರೂಪ, ಆದ್ರೆ ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್ ದಿನಾ ಚುಚ್ತೀರಾ ಅಂದ್ರೆ, ಆಗ ಬೇರೆ ಆಂಟಿವೈರಸ್ ಬಗ್ಗೆ ಯೋಚಿಸೋದ್ರಲ್ಲಿ ಅರ್ಥ ಇದೆ.

ಹೊಸ ಲ್ಯಾಪ್‌ಟಾಪ್ ತಗೊಂಡವರು ಒಂದು ವಿಷಯ ಗಮನಿಸಿ. ಅದರಲ್ಲಿ ಯಾವುದಾದ್ರೂ ಕಂಪನಿಯ ಟ್ರಯಲ್ ಆಂಟಿವೈರಸ್ ಮೊದಲೇ ಇರಬಹುದು. ಅದು ಕೆಲಸ ಮಾಡುವಾಗ ಡಿಫೆಂಡರ್ ಪಕ್ಕಕ್ಕೆ ಸರಿದಿರತ್ತೆ. ಟ್ರಯಲ್ ಮುಗಿದ ಮೇಲೆ "ನೀವು ಅಪಾಯದಲ್ಲಿದ್ದೀರಿ" ಅಂತ ಹೆದರಿಸೋದು ಶುರು. ಹೆದರಬೇಡಿ. ಬೇಡ ಅಂದ್ರೆ ಅದನ್ನು ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, 'ವಿಂಡೋಸ್ ಸೆಕ್ಯುರಿಟಿ' ತೆರೆದು ಹಸಿರು ಗುರುತು ಬಂದಿದ್ಯಾ ನೋಡಿ. ಹಾಗೇ ಎರಡೆರಡು ಆಂಟಿವೈರಸ್ ಒಟ್ಟಿಗೆ ಹಾಕ್ಬೇಡಿ. ಒಂದಕ್ಕೊಂದು ಅಡ್ಡ ಬರತ್ತೆ, ಕಂಪ್ಯೂಟರ್ ತೆವಳತ್ತೆ.

ಈಗ ಖರ್ಚಿನ ಕಡೆ ಬರೋಣ

ಮೊದಲು ಉಚಿತ ಆಂಟಿವೈರಸ್. ಆಂಟಿವೈರಸ್‌ಗೆ ನಿಮ್ಮ ಕಂಪ್ಯೂಟರ್‌ನ ಪ್ರತಿ ಫೈಲ್ ನೋಡೋ ಅಧಿಕಾರ ಇರತ್ತೆ, ನೀವು ಹೋಗೋ ಸೈಟ್‌ಗಳನ್ನೂ ಅದು ನೋಡಬಹುದು. ಹಾಗಾಗಿ ಅದನ್ನು ಮಾಡಿದ ಕಂಪನಿಗೆ ದುಡ್ಡು ಎಲ್ಲಿಂದ ಬರತ್ತೆ ಅಂತ ಕೇಳಲೇಬೇಕು. ಅವಾಸ್ಟ್ ಪ್ರಕರಣ ಇದಕ್ಕೆ ಪಾಠ. ಕೋಟ್ಯಂತರ ಜನ ಬಳಸ್ತಿದ್ದ ಆಂಟಿವೈರಸ್ ಅದು. ಜಂಪ್‌ಶಾಟ್ ಅನ್ನೋ ತನ್ನದೇ ಅಂಗಸಂಸ್ಥೆ ಮೂಲಕ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಮಾರ್ತಿತ್ತು ಅನ್ನೋದು ಪತ್ರಕರ್ತರ ತನಿಖೆಯಿಂದ 2020ರ ಜನವರಿಯಲ್ಲಿ ಹೊರಗೆ ಬಂತು. ಕಂಪನಿ ಜಂಪ್‌ಶಾಟ್ ಮುಚ್ಚಿತು. 2024ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, 1 ಕೋಟಿ 65 ಲಕ್ಷ ಡಾಲರ್ ಕಟ್ಟಬೇಕು, ಜಾಹೀರಾತಿಗಾಗಿ ಬ್ರೌಸಿಂಗ್ ಮಾಹಿತಿ ಮಾರಬಾರದು ಅಂತ ಹೇಳಿತು. ಸ್ಪೈವೇರ್‌ನಿಂದ ಕಾಪಾಡು ಅಂತ ಮನೆಗೆ ಕರೆದವರೇ ನಿಮ್ಮ ಮಾಹಿತಿ ಮಾರಿದ ಕಥೆ ಇದು. ಉಚಿತ ಆಂಟಿವೈರಸ್ ಎಲ್ಲಾ ಹೀಗೇ ಅಂತ ನಾನು ಹೇಳ್ತಿಲ್ಲ. ಇನ್‌ಸ್ಟಾಲ್ ಮಾಡುವಾಗ ಬರೋ "ಮಾಹಿತಿ ಹಂಚಿಕೊಳ್ಳಿ" ಅನ್ನೋ ಟಿಕ್‌ಗಳನ್ನು ತೆಗೆದುಹಾಕಿ ಅಂತ ಹೇಳ್ತಿದ್ದೀನಿ.

ಇನ್ನು ದುಡ್ಡು ಕೊಟ್ಟು ಕೊಳ್ಳೋದು. ಇಲ್ಲಿ ಲೆಕ್ಕ ಒಂದು ವರ್ಷಕ್ಕಲ್ಲ, ಮೂರು ವರ್ಷಕ್ಕೆ ಹಾಕಿ. ಉದಾಹರಣೆಗೆ, ಮೊದಲ ವರ್ಷ ಆಫರ್‌ನಲ್ಲಿ 499 ರೂಪಾಯಿ, ನವೀಕರಣಕ್ಕೆ 1,999 ಅಂತಿಟ್ಕೊಳ್ಳಿ. ಮೂರು ವರ್ಷಕ್ಕೆ 4,497 ಆಯ್ತು. ಅಂದ್ರೆ ವರ್ಷಕ್ಕೆ 499 ಅಲ್ಲ, 1,499. ನವೀಕರಣದ ಬೆಲೆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇರಬಹುದು, ಹುಡುಕಿ ಓದಿ. ಆಟೋ ರಿನ್ಯೂವಲ್ ಆನ್ ಇದ್ರೆ, ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಾರ್ಡಿನಿಂದ ದುಡ್ಡು ಕಡಿತ ಆಗೋ ಕನಿಷ್ಠ 24 ಗಂಟೆ ಮುಂಚೆ ನಿಮಗೆ ಸಂದೇಶ ಬರಬೇಕು. ಆದ್ರೆ 15,000 ರೂಪಾಯಿವರೆಗಿನ ಇಂಥ ಕಡಿತಕ್ಕೆ ಪ್ರತಿ ಸಲ ಓಟಿಪಿ ಕೇಳಲ್ಲ. ಅಂದ್ರೆ ಆ ಎಸ್ಸೆಮ್ಮೆಸ್ ಓದದೇ ಬಿಟ್ರೆ ದುಡ್ಡು ಹೋಯ್ತು ಅಂತಾನೇ. ಕೊಂಡ ದಿನವೇ ಆಟೋ ರಿನ್ಯೂವಲ್ ಆಫ್ ಮಾಡಿ.

ನಮ್ಮ ದೇಶದಲ್ಲೂ ಆಂಟಿವೈರಸ್ ಕಂಪನಿಗಳಿವೆ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಇದ್ದಾವೆ. ಇವಕ್ಕೂ ಅದೇ ಪ್ರಶ್ನೆಗಳನ್ನೇ ಕೇಳಿ: ಲ್ಯಾಬ್ ಅಂಕ ಎಷ್ಟು, ನವೀಕರಣದ ಬೆಲೆ ಎಷ್ಟು, ಏನೇನು ಮಾಹಿತಿ ತಗೊಳ್ಳತ್ತೆ, ತೊಂದರೆ ಆದಾಗ ಫೋನ್ ಎತ್ತೋರು ಇದ್ದಾರಾ? ಆ ಕೊನೇ ಪ್ರಶ್ನೆ ಸಣ್ಣದಲ್ಲ. ನೀವು ಬೆಂಗಳೂರಲ್ಲಿ, ಅಪ್ಪ ಅಮ್ಮ ಊರಲ್ಲಿ ಅಂದ್ರೆ, ಸಹಾಯಕ್ಕೆ ಒಬ್ಬರು ಸಿಗ್ತಾರೆ ಅನ್ನೋದಕ್ಕೇ ದುಡ್ಡು ಕೊಡಬಹುದು.

ಯಾವ ಆಂಟಿವೈರಸ್‌ಗೂ ಮುಚ್ಚೋಕಾಗದ ತೂತುಗಳು

ಒಂದು, ಹಳೇ ವಿಂಡೋಸ್. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಮನೆ ಬಳಕೆದಾರರು ನೋಂದಾಯಿಸಿಕೊಂಡ್ರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗತ್ತೆ. ಡಿಫೆಂಡರ್‌ನ ಅಪ್‌ಡೇಟ್ ಅದಾದ ಮೇಲೂ ಬರತ್ತೆ, ಆದ್ರೆ ಅಷ್ಟಕ್ಕೇ ಸಮಾಧಾನ ಪಡಬೇಡಿ. ವಾಚ್‌ಮನ್ ಇದ್ದಾನೆ ನಿಜ, ಗೋಡೆ ಬಿರುಕು ಮುಚ್ಚೋರು ಯಾರೂ ಇಲ್ಲ. 2017ರ ಮೇ 12ರಂದು ವಾನಾಕ್ರೈ ಜಗತ್ತನ್ನು ಅಲ್ಲಾಡಿಸಿತಲ್ಲ, ಅದು ಹೊಕ್ಕ ಬಿರುಕಿಗೆ ಮೈಕ್ರೋಸಾಫ್ಟ್ ಎರಡು ತಿಂಗಳು ಮುಂಚೆ, ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ತೇಪೆ ಹಾಕದೇ ಇದ್ದ ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು.

ಎರಡು, ಕ್ರ್ಯಾಕ್. ವಿಂಡೋಸ್, ಆಫೀಸ್, ಫೋಟೋಶಾಪ್ ಕ್ರ್ಯಾಕ್ ಹಾಕುವಾಗ ಮೊದಲ ಸೂಚನೆನೇ ಏನಿರತ್ತೆ? "ಆಂಟಿವೈರಸ್ ಆಫ್ ಮಾಡಿ." ಬಾಗಿಲು ತೆಗೆದು ನಾಯಿ ಕಟ್ಟಿಹಾಕಿ ಅಂತ ಹೇಳೋನನ್ನು ನಂಬ್ತೀರಾ? ಸ್ಟೀಲರ್‌ಗಳು ಹರಡೋ ದೊಡ್ಡ ದಾರಿಗಳಲ್ಲಿ ಇದೂ ಒಂದು. ಬರೀ ಪತ್ರ, ಬಿಲ್ಲು ಟೈಪ್ ಮಾಡೋಕೆ ಲಿಬ್ರೆ ಆಫೀಸ್ ಉಚಿತವಾಗಿ ಸಿಗತ್ತೆ, ಕಾನೂನುಬದ್ಧವಾಗಿ. ನುಡಿ, ಬರಹದಂಥ ಕನ್ನಡ ತಂತ್ರಾಂಶ ಬೇಕಾದ್ರೂ ಅಷ್ಟೇ. ಸರ್ಚ್‌ನಲ್ಲಿ ಮೊದಲು ಕಂಡ ಡೌನ್‌ಲೋಡ್ ಬಟನ್ ಒತ್ತಬೇಡಿ, ತಯಾರಿಸಿದವರ ಸೈಟಿಗೇ ಹೋಗಿ.

ಮೂರು, ನಮ್ಮ ಕೈಯಿಂದಲೇ ಮಾಡಿಸೋ ಮೋಸ. "ನೀವು ರೋಬೋಟ್ ಅಲ್ಲ ಅಂತ ಸಾಬೀತು ಮಾಡಿ" ಅಂತ ಒಂದು ಪುಟ ಬರತ್ತೆ. ವಿಂಡೋಸ್ ಬಟನ್ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ ಅನ್ನತ್ತೆ. ಒತ್ತಿದ್ರೆ ಕಳ್ಳನ ಆದೇಶವನ್ನು ನೀವೇ ನಿಮ್ಮ ಕಂಪ್ಯೂಟರ್‌ಗೆ ಕೊಟ್ಟಂಗೆ. ಲುಮ್ಮಾ ಹರಡಿದ್ದು ಹೀಗೂ ಹೌದು. ಯಾವ ನಿಜವಾದ ಸೈಟೂ ಹೀಗೆ ಮಾಡಿ ಅಂತ ಕೇಳಲ್ಲ. ಮನೇಲಿ ಎಲ್ಲರಿಗೂ ಈ ಒಂದು ವಾಕ್ಯ ಹೇಳಿಡಿ.

ಆಗಲೇ ಅನುಮಾನ ಬಂದಿದ್ರೆ?

ಮೊದಲು ಆ ಕಂಪ್ಯೂಟರ್‌ನ ನೆಟ್ ತೆಗೀರಿ. ಆಮೇಲೆ ನಿಮ್ಮ ಫೋನಿನಿಂದ, ಗಮನಿಸಿ, ಆ ಕಂಪ್ಯೂಟರ್‌ನಿಂದ ಅಲ್ಲ, ಇಮೇಲ್ ಪಾಸ್‌ವರ್ಡ್ ಬದಲಿಸಿ, ಬೇರೆಲ್ಲಾ ಸಾಧನಗಳಿಂದ ಸೈನ್ ಔಟ್ ಮಾಡಿ. ಆಗ ಕದ್ದ ಕುಕಿ ಸಾಮಾನ್ಯವಾಗಿ ಕೆಲಸಕ್ಕೆ ಬರಲ್ಲ. ನಂತರ ವಿಂಡೋಸ್ ಸೆಕ್ಯುರಿಟಿಯಲ್ಲಿ 'ಆಫ್‌ಲೈನ್ ಸ್ಕ್ಯಾನ್' ಮಾಡಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಸೈಟ್‌ನಲ್ಲೂ ಉಚಿತ ಕ್ಲೀನಿಂಗ್ ಟೂಲ್‌ಗಳಿವೆ. ಅಕೌಂಟಿನಿಂದ ದುಡ್ಡು ಹೋಗಿದ್ರೆ ಸ್ಕ್ಯಾನ್‌ಗೆ ಕಾಯಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡ್ತೀರೋ, ದುಡ್ಡು ತಡೆಹಿಡಿಯೋ ಸಾಧ್ಯತೆ ಅಷ್ಟು ಹೆಚ್ಚು.

ಈ ಭಾನುವಾರ ಅರ್ಧ ಗಂಟೆ ಕೊಡಿ. ವಿಂಡೋಸ್ ಅಪ್‌ಡೇಟ್ ಆಗಿದ್ಯಾ ನೋಡಿ. ಡಿಫೆಂಡರ್‌ನಲ್ಲಿ 'ರಿಯಲ್ ಟೈಮ್ ಪ್ರೊಟೆಕ್ಷನ್' ಆನ್ ಇದ್ಯಾ ನೋಡಿ. ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಒಂದು ಸಾಮಾನ್ಯ ಅಕೌಂಟ್ ಮಾಡಿಕೊಡಿ. ಕೊನೆಯದಾಗಿ, ಟ್ಯಾಲಿ ಡೇಟಾ, ಫೋಟೋ, ಮಾರ್ಕ್ಸ್ ಕಾರ್ಡ್ ಎಲ್ಲಾ ಒಂದು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಡಿಸ್ಕನ್ನು ಕಂಪ್ಯೂಟರ್‌ನಿಂದ ಬಿಚ್ಚಿ ಬೀರುವಿನಲ್ಲಿಡಿ. ಚುಚ್ಚಿಯೇ ಬಿಟ್ರೆ ರಾನ್ಸಮ್‌ವೇರ್ ಅದಕ್ಕೂ ಬೀಗ ಹಾಕತ್ತೆ. ಆಂಟಿವೈರಸ್‌ಗೆ ಅಂತ ಎತ್ತಿಟ್ಟ ದುಡ್ಡಿದ್ರೆ ಮೊದಲು ಆ ಡಿಸ್ಕಿಗೆ ಹಾಕಿ.

ನಿಮ್ಮ ಪ್ರಶ್ನೆಗಳನ್ನು ಕಳಿಸ್ತಾ ಇರಿ. ಮುಂದಿನ ವಾರ ಸಿಗೋಣ.