ಅಕ್ಕನಿಗೆ ಸಮಾಧಾನ ಹೇಳೋರು ಯಾರು?

ಇವತ್ತು ಅಕ್ಕಂದಿರ ಬಗ್ಗೆ ಮಾತಾಡೋಣ. ಮನೆಗೆ ದೊಡ್ಡ ಮಗಳು, ಒಳ್ಳೇ ಸಂಬಳ, ನೆಂಟರೆಲ್ಲ "ಅವಳನ್ನ ನೋಡಿ ಕಲೀರಿ" ಅಂತಾರಲ್ಲ, ಆ ಅಕ್ಕಂದಿರು.

1983ರ 'ಬೆಂಕಿಯಲ್ಲಿ ಅರಳಿದ ಹೂವು' ನೋಡಿದೀರಾ? ಕೆ. ಬಾಲಚಂದರ್ ಸಿನಿಮಾ. ದುಡಿದು ಇಡೀ ಸಂಸಾರ ಸಾಕೋ ಮಗಳಾಗಿ ಸುಹಾಸಿನಿ. ನಮ್ಮಮ್ಮ ಟಿವಿಯಲ್ಲಿ ಅದು ಬಂದಾಗಲೆಲ್ಲ ಅಳ್ತಾರೆ. ಅದೇ ಅಮ್ಮ ನಮ್ಮಕ್ಕನ ಬಗ್ಗೆ, "ದೊಡ್ಡವಳ ಚಿಂತೆ ನಂಗಿಲ್ಲಪ್ಪ" ಅಂತಾರೆ.

ಅಕ್ಕನ ಒಪ್ಪಿಗೆ ತಗೊಂಡೇ ಇದನ್ನ ಹೇಳ್ತಿದೀನಿ. ಅವಳಿಗೆ ಬೆಂಗಳೂರಲ್ಲಿ ಕೆಲಸ. ಕಳೆದ ವರ್ಷ ಕಂಪನಿ ಒಂದಷ್ಟು ಜನರನ್ನ ತೆಗೀತು, ಅದರಲ್ಲಿ ಇವಳೂ ಒಬ್ಬಳು. ಮನೇಲಿ ಹೇಳಲಿಲ್ಲ. ಮೂರು ತಿಂಗಳು ಒಂದನೇ ತಾರೀಖು ತಪ್ಪದೆ ಊರಿಗೆ ದುಡ್ಡು ಬಂತು. ಅಷ್ಟರಲ್ಲಿ ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಕೈ ಮುರ್ಕೊಂಡ್ರು. ಆಸ್ಪತ್ರೆ ಕೌಂಟರಲ್ಲಿ ಅಪ್ಪ ಅಕ್ಕನ ಕಂಪನಿಯ ವಿಮೆ ಕಾರ್ಡ್ ಕೊಟ್ರೆ, "ಈ ಪಾಲಿಸಿ ಚಾಲ್ತಿಯಲ್ಲಿಲ್ಲ ಸಾರ್" ಅಂದ್ರು. ಕೆಲಸ ಹೋದ್ರೆ ಕಂಪನಿ ಕೊಟ್ಟ ವಿಮೆನೂ ಹೋಗುತ್ತೆ. ಹಾಗೆ ಗೊತ್ತಾಯ್ತು.

ಯಾಕಮ್ಮ ಹೇಳಲಿಲ್ಲ ಅಂತ ಅಪ್ಪ ಕೇಳಿದ್ರು. "ಹೇಳಿದ್ರೆ ಮೊದಲು ನಿಮ್ಮನ್ನೇ ಸಮಾಧಾನ ಮಾಡ್ಬೇಕಿತ್ತಲ್ಲಪ್ಪ. ಅಷ್ಟು ತ್ರಾಣ ಇರ್ಲಿಲ್ಲ" ಅಂದ್ಲು.

ಇಂಥವರನ್ನ ಜನ ಹಮ್ಮು ಅಂತಾರೆ. ಹಮ್ಮು ಸ್ವಲ್ಪ ಇರುತ್ತೆ, ಸುಳ್ಳು ಯಾಕೆ ಹೇಳ್ಬೇಕು? ಎಲ್ಲರಿಗೂ ಬೇಕಾದವಳು ಅನ್ನೋ ಜಾಗ ಬಿಟ್ಟುಕೊಡೋದು ಸುಲಭ ಅಲ್ಲ. ಆದ್ರೆ ಹೆಚ್ಚಿನದು ಲೆಕ್ಕಾಚಾರ. ಬಾಯಿ ಬಿಟ್ರೆ ಅಮ್ಮನಿಗೆ ಬಿಪಿ ಏರುತ್ತೆ, ಅಪ್ಪ ನಿದ್ದೆ ಮಾಡಲ್ಲ. ಅದನ್ನೂ ನಿಭಾಯಿಸ್ಬೇಕಾದವಳು ಇವಳೇ. ಬಿ.ಕಾಂ. ಭಾಷೇಲಿ ಹೇಳೋದಾದ್ರೆ, ಕಷ್ಟ ಹೇಳ್ಕೊಳ್ಳೋದೂ ಅವಳ ಪಾಲಿಗೆ ಖರ್ಚೇ.

ಅದಕ್ಕೇ "ಅಕ್ಕಾ, ಹೇಗಿದೀಯಾ?" ಅಂತ ಕೇಳಿ ಉಪಯೋಗ ಇಲ್ಲ. "ನಂಗೇನೋ, ಆರಾಮಾಗಿದೀನಿ" ಅನ್ನೋ ಉತ್ತರ ರೆಡಿ ಇರುತ್ತೆ. ಅವಳ ಕೈಯಿಂದ ಒಂದು ಕೆಲಸ ತಗೊಳ್ಳಿ. ಕೇಳ್ಬೇಡಿ, ತಗೊಂಡುಬಿಡಿ. ಅಪ್ಪ-ಅಮ್ಮನಿಗೆ ಬೇರೆ ಆರೋಗ್ಯ ವಿಮೆ ಮಾಡಿಸಿ, ಆಸ್ಪತ್ರೆ ಓಡಾಟ ನಾನು ವಹಿಸ್ಕೊಂಡೆ. ಮೊದಲು "ನಿಂಗೆ ಯಾರು ಹೇಳಿದ್ದು?" ಅಂತ ಬೈದ್ಲು. ಎರಡು ವಾರದ ಹಿಂದೆ ಅವಳೇ ಫೋನ್ ಮಾಡಿ, ಹೊಸ ಕೆಲಸ ಹಿಡಿಸ್ತಿಲ್ಲ ಕಣೋ ಅಂತ ಅರ್ಧ ಗಂಟೆ ಗೊಣಗಿದ್ಲು. ನಾನು ಹ್ಞೂಂ ಅಂತ ಕೇಳಿಸ್ಕೊಂಡೆ, ಅಷ್ಟೇ.

ಇನ್ನೊಂದು. ಮನಸ್ಸಿಗೆ ತೀರಾ ಭಾರ ಆದ್ರೆ ಟೆಲಿ ಮಾನಸ್ ಇದೆ, 14416. ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅಕ್ಕಂದಿರೇ, ನಂಬರ್ ಕೊಟ್ಟಿದ್ದು ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡೋಕಲ್ಲ. ನಿಮಗೇ.