ಮೆಲ್ಲ ಬರುವವರು

"ನೀವು ಹೋಗಿ, ನಾನು ಮೆಲ್ಲ ಬರ್ತೇನೆ." ನಮ್ಮ ಕರಾವಳಿಯಲ್ಲಿ ಈ ಮಾತು ಕೇಳದೆ ಬೆಳೆದವರು ಯಾರಿದ್ದಾರೆ? ದೇವಸ್ಥಾನದ ಮೆಟ್ಟಿಲಲ್ಲಿ ಅಜ್ಜಿ ಹೇಳುತ್ತಾರೆ. ಊಟಕ್ಕೆ ಕರೆದರೆ ಅಡುಗೆಮನೆಯಿಂದ ಅಮ್ಮ ಹೇಳುತ್ತಾರೆ. ನಾವೂ ಸರಿ ಎಂದು ಹೋಗಿಬಿಡುತ್ತೇವೆ. ಈ ವಾರವಿಡೀ ಆ ಮಾತು ನನ್ನ ಮನಸ್ಸಿನಲ್ಲಿ ಸುತ್ತುತ್ತಾ ಇದೆ.

ಮಂಗಳೂರಿನ ಬಿಜೈಯ ಕೆಎಸ್‌ಆರ್‌ಟಿಸಿ ನಿಲ್ದಾಣದಲ್ಲಿ ಒಂದು ಸಂಜೆ ಸುಬ್ರಹ್ಮಣ್ಯದ ಬಸ್ಸಿನಿಂದ ಕಾಲೇಜು ಹುಡುಗರ ಗುಂಪೊಂದು ಇಳಿಯಿತು. ಒಬ್ಬನ ಪಾದದ ಗಂಟಿಗೆ ಬೈರಾಸು ಸುತ್ತಿದ್ದರು. ಇಬ್ಬರು ಅವನನ್ನು ಹೆಗಲು ಕೊಟ್ಟು ಇಳಿಸಿದರು. ಮತ್ತೊಬ್ಬ ಬೆನ್ನಿಗೊಂದು, ಎದೆಗೊಂದು ಬ್ಯಾಗು ಹಾಕಿಕೊಂಡು ಹಿಂದಿನಿಂದ ಬಂದ. ರಿಕ್ಷಾ ಸಿಗುವವರೆಗೆ ಅವರನ್ನು ಮಾತಾಡಿಸಿದೆ. ಕುಮಾರಪರ್ವತಕ್ಕೆ ಹೋಗಿದ್ದರಂತೆ.

ಆ ದಾರಿ ಕಂಡವರಿಗೆ ಗೊತ್ತು. 1,712 ಮೀಟರ್ ಎತ್ತರದ ಶಿಖರ. ಕುಕ್ಕೆಯಿಂದ ಹೊರಟರೆ ಮೊದಲು ದಟ್ಟ ಕಾಡಿನ ಏರು. ಗಿರಿಗದ್ದೆ ದಾಟಿದ ಮೇಲೆ ನೆರಳೇ ಇಲ್ಲದ ಹುಲ್ಲಿನ ಬೆಟ್ಟ, ಕಲ್ಲುಮಂಟಪ, ಶೇಷಪರ್ವತ. ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಮೊಣಕಾಲು ಸೋಲುತ್ತದೆ. ಬೈರಾಸಿನ ಹುಡುಗನ ಕಾಲೂ ಹಾಗೆ ಸೋತು ಸಡಿಲ ಕಲ್ಲಿನ ಮೇಲೆ ಬಿತ್ತು, ಉಳುಕಿತು. ಹುಡುಗ ಹೇಳಿದ್ದು ಅದೇ ಮಾತು: "ಏನಾಗ್ಲಿಲ್ಲ ಮಾರಾಯ, ನೀವು ಹೋಗಿ, ನಾನು ಮೆಲ್ಲ ಬರ್ತೇನೆ." ಮುಂದಿದ್ದವರು ನಂಬಿ ಇಳಿದರು. ಚಾರಣಿಗರಿಗೆ ಅನ್ನ ಬಡಿಸಿ ಹೆಸರಾದ ಗಿರಿಗದ್ದೆಯ ಭಟ್ಟರ ಮನೆಗೆ ಬಂದು ಕೈಕಾಲು ತೊಳೆದರು. ಎಷ್ಟು ಹೊತ್ತಾದರೂ ಅವನು ಬರಲಿಲ್ಲ. ಆಗ ಈ ಎರಡು ಬ್ಯಾಗಿನ ಹುಡುಗ ಎದ್ದು, ಬಾಟಲಿಗೆ ನೀರು ತುಂಬಿಸಿಕೊಂಡು, ಇಳಿದ ಗುಡ್ಡವನ್ನು ಮತ್ತೆ ಹತ್ತಿದ.

ಇಳಿದ ಗುಡ್ಡವನ್ನು ಮತ್ತೆ ಹತ್ತುವುದು! ಬೆಳಿಗ್ಗೆಯ ಏರಿಗೆ ಶಿಖರದ ಆಸೆ ಇತ್ತು, ಮೋಡದ ಮೇಲೆ ನಿಂತು ಫೋಟೋ ತೆಗೆಯುವ ಉಮೇದು ಇತ್ತು. ಈ ಎರಡನೆಯ ಏರಿನ ತುದಿಯಲ್ಲಿ ಇದ್ದದ್ದು ಕಲ್ಲಿನ ಮೇಲೆ ಕೂತ ಒಬ್ಬ ಗೆಳೆಯ, ಅಷ್ಟೇ. ನನಗೆ ಕೇಳಿದರೆ ಆ ದಿನ ಆ ಹುಡುಗ ಹತ್ತಿದ ದೊಡ್ಡ ಬೆಟ್ಟ ಇದು.

ಅವನು ಇನ್ನೊಂದು ಸಂಗತಿ ಹೇಳಿದ. ಗೆಳೆಯನ ಬ್ಯಾಗು ಎತ್ತಿದಾಗಲೇ ಅದರ ಭಾರ ತಿಳಿದದ್ದಂತೆ. ಎಲ್ಲರ ಬುತ್ತಿ ಡಬ್ಬ, ಎಲ್ಲರ ಒದ್ದೆ ಬಟ್ಟೆ ಅದರಲ್ಲೇ ಇತ್ತು. ಹೊರಡುವಾಗ "ನಾನೇ ಹಿಡ್ಕೊಳ್ತೇನೆ" ಎಂದು ತುಂಬಿಸಿಕೊಂಡಿದ್ದನಂತೆ. ಹಿಂದೆ ಬಿದ್ದವರನ್ನು ನಾವು ಬೇಗ ಅಳೆದುಬಿಡುತ್ತೇವೆ: ಬಲ ಸಾಲದು, ಅಭ್ಯಾಸ ಇಲ್ಲ ಎಂದು. ಅವರ ಚೀಲದಲ್ಲಿ ಯಾರ ಯಾರ ಹೊರೆ ಇದೆ ಎಂದು ಎತ್ತಿ ನೋಡುವುದಿಲ್ಲ. ನಮ್ಮ ಮನೆಗಳಲ್ಲೂ ಮೆಲ್ಲ ಬರುವವರ ಕತೆ ಬಹುಪಾಲು ಹೀಗೆಯೇ.

2019ರ ಸೆಪ್ಟೆಂಬರಿನಲ್ಲಿ ಇದೇ ಬೆಟ್ಟದಲ್ಲಿ ಬೆಂಗಳೂರಿನ ಯುವಕನೊಬ್ಬ ಸಂಗಡಿಗರಿಂದ ಬೇರ್ಪಟ್ಟು ದಾರಿ ತಪ್ಪಿದ್ದು ಹಲವರಿಗೆ ನೆನಪಿರಬಹುದು. ಮಳೆಗಾಲದ ಕಾಡು. ಗೆಳೆಯರು, ಅರಣ್ಯ ಇಲಾಖೆಯವರು, ಪೊಲೀಸರು, ಊರಿನವರು ಹುಡುಕಿದರು. ಕೊನೆಗೆ ಅವನು ನೀರಿನ ಪೈಪಿನ ಜಾಡು ಹಿಡಿದು ಜೀವಸಹಿತ ಹೊರಬಂದ. ಆ ತಂಡವನ್ನು ನಾನು ದೂರುವುದಿಲ್ಲ. ಕಾಡಿನಲ್ಲಿ ಒಂದು ತಿರುವು ಸಾಕು, ಮುಂದಿನವನ ಬೆನ್ನು ಕಾಣದಾಗಲು.

ಹಿಂದೆ ತಿರುಗಿ ನೋಡದೆ ನಡೆದ ಒಬ್ಬನ ಕತೆ ನಮ್ಮಲ್ಲೇ ಇದೆ. ಮಹಾಪ್ರಸ್ಥಾನದಲ್ಲಿ ದ್ರೌಪದಿ ಬಿದ್ದಳು, ಸಹದೇವ ಬಿದ್ದ, ನಕುಲ, ಅರ್ಜುನ, ಕೊನೆಗೆ ಭೀಮನೂ ಬಿದ್ದ. ಧರ್ಮರಾಯ ನಿಲ್ಲಲಿಲ್ಲ. ಚಿಕ್ಕಂದಿನಿಂದ ನನಗೆ ಅದು ನುಂಗಲಾಗದ ತುತ್ತು. ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲವಲ್ಲ. ಜೊತೆಗೆ ಬಂದ ನಾಯಿಯನ್ನು ಬಿಟ್ಟು ರಥ ಹತ್ತಲಾರೆ ಎಂದ. ಸ್ವರ್ಗಕ್ಕೆ ಹೋದ ಮೇಲೂ ತಮ್ಮಂದಿರೆಲ್ಲಿ ಎಂದು ಕೇಳಿದ. ನರಕದಲ್ಲಿ ಅವರ ದನಿ ಕೇಳಿಸಿದಾಗ, ನಾನು ಇಲ್ಲೇ ಇರುತ್ತೇನೆ ಎಂದು ನಿಂತುಬಿಟ್ಟ. ಅಷ್ಟು ಎತ್ತರ ಏರಿದವನೂ ಕೊನೆಗೆ ತನ್ನವರಿಗಾಗಿ ಮರಳಿ ಬರಬೇಕಾಯಿತು. ವ್ಯಾಸರು ಆ ದಾರಿಯನ್ನು ಹಾಗೆ ಉಳಿಸಿದ್ದಕ್ಕೆ ನನ್ನ ಮನಸ್ಸಿಗೆ ಸಮಾಧಾನ.

2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನಸಾಗರವೇ ಹರಿದು ಬಂದ ಮೇಲೆ, ಮುಂಗಡ ನೋಂದಣಿಯ ನಿಯಮ ಬಂತು. ಒಳ್ಳೆಯದೇ ಆಯಿತು. ಎಷ್ಟು ಜನ ಹತ್ತಬೇಕೆಂದು ಇಲಾಖೆ ಹೇಳಬಲ್ಲದು. ಹತ್ತಿದವರಲ್ಲಿ ಯಾರು ಯಾರಿಗಾಗಿ ನಿಲ್ಲಬೇಕೆಂದು ಅದು ಹೇಳಲಾರದು.

ರಜೆಯಲ್ಲಿ ಬೆಟ್ಟಕ್ಕೆ ಹೊರಡುವ ಮಕ್ಕಳು ನಿಮ್ಮ ಮನೆಯಲ್ಲಿರಬಹುದು. ಬ್ಯಾಗಿಗೆ ತಿಂಡಿ ಕಟ್ಟಿಕೊಡುವಾಗ ಕೇಳಿ, ಎಲ್ಲರಿಗಿಂತ ಹಿಂದೆ ನಡೆಯುವವರು ಯಾರು ಎಂದು. ಗೊತ್ತಿಲ್ಲ ಎಂದರೆ, ಬಿಜೈಯಲ್ಲಿ ಬಸ್ಸು ಹತ್ತುವ ಮೊದಲೇ ತೀರ್ಮಾನಿಸಿಕೊಳ್ಳಲಿ. ಗಟ್ಟಿ ಕಾಲಿನವರೇ ಆ ಕೆಲಸ ಒಪ್ಪಿಕೊಳ್ಳಲಿ.