ಹೊಸ ಲೋಕ ತೆರೆದಾಗ ಹಳೇ ದಾರಿಗೆ ಏನಾಗುತ್ತೆ?

2007ರ ಜನವರಿ 16ನೇ ತಾರೀಖು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಆನ್‌ಲೈನ್ ಗೇಮ್‌ಗೆ ಮೊದಲನೇ ಎಕ್ಸ್‌ಪ್ಯಾನ್ಷನ್, ಅಂದ್ರೆ ಹೊಸ ಹೆಚ್ಚುವರಿ ಭಾಗ, ಬಂತು. ಹೆಸರು ‘ದ ಬರ್ನಿಂಗ್ ಕ್ರುಸೇಡ್’. ಮೊದಲ 24 ಗಂಟೆಯಲ್ಲೇ ಸುಮಾರು 24 ಲಕ್ಷ ಪ್ರತಿ ಖರ್ಚಾಯ್ತು. 60ನೇ ಲೆವೆಲ್ ಮುಟ್ಟಿ, ಇನ್ನು ಮೇಲೆ ಹತ್ತೋಕೆ ಮೆಟ್ಟಿಲಿಲ್ಲ ಅಂತ ನಿಂತಿದ್ದ ಹಳಬರೆಲ್ಲ ಡಾರ್ಕ್ ಪೋರ್ಟಲ್ ಅನ್ನೋ ದೊಡ್ಡ ದ್ವಾರ ದಾಟಿ ಔಟ್‌ಲ್ಯಾಂಡ್ ಅನ್ನೋ ಹೊಸ ಲೋಕಕ್ಕೆ ನುಗ್ಗಿದರು. ಅಲ್ಲಿ ಮೊದಲು ಸಿಗೋ ಜಾಗ ಹೆಲ್‌ಫೈರ್ ಪೆನಿನ್ಸುಲಾ. ಒಂದೆರಡು ಕ್ವೆಸ್ಟ್ ಮುಗಿಸಿದರೆ ಬಹುಮಾನ ಅಂತ ಒಂದು ಹಸಿರು ಬಣ್ಣದ ಕವಚ ಕೈಗೆ ಬರ್ತಿತ್ತು.

ಈ ಬಣ್ಣದ ಲೆಕ್ಕ ಸ್ವಲ್ಪ ಹೇಳಿಬಿಡ್ತೀನಿ. ಈ ಗೇಮ್‌ನಲ್ಲಿ ಬಿಳಿ ಅಂದ್ರೆ ಸಾಧಾರಣ ಮಾಲು, ಹಸಿರು ಸ್ವಲ್ಪ ವಾಸಿ, ನೀಲಿ ಒಳ್ಳೇದು, ನೇರಳೆ ಅಂದ್ರೆ ಎಪಿಕ್. ಆ ಕಾಲದಲ್ಲಿ ನೇರಳೆ ಬೇಕಾದ್ರೆ ಮೋಲ್ಟನ್ ಕೋರ್‌ನಂಥ ರೇಡ್‌ಗೆ 40 ಜನ ಒಟ್ಟಿಗೆ ಹೋಗ್ಬೇಕಿತ್ತು. ಒಬ್ಬೊಬ್ಬ ಬಾಸ್ ಬಿದ್ದಾಗ ಸಿಗೋದು ಕೆಲವೇ ವಸ್ತು, ಕಾಯ್ತಾ ಇರೋರು ನಲವತ್ತು ಜನ. ಯಾರ ಸರದಿ ಅಂತ ಜಗಳ ಆಗಬಾರದು ಅಂತ ಗಿಲ್ಡ್‌ಗಳು, ಅಂದ್ರೆ ಒಟ್ಟಿಗೆ ಆಡೋ ಬಳಗಗಳು, ಡಿಕೆಪಿ ಅಂತ ಪಾಯಿಂಟ್ ಲೆಕ್ಕ ಬರೆದಿಡ್ತಿದ್ವು. ಹಾಗೆ ತಿಂಗಳುಗಟ್ಟಲೆ ಕಾದು ಗಳಿಸಿದ ನೇರಳೆ ಕವಚದ ಪಕ್ಕ, ಹೆಲ್‌ಫೈರ್‌ನಲ್ಲಿ ಹಂದಿ ಹೊಡೆದಿದ್ದಕ್ಕೆ ಸಿಕ್ಕ ಹಸಿರು ಕವಚ ಇಟ್ಟು ನೋಡಿದ್ರೆ, ಎಷ್ಟೋ ಸಲ ಹಸಿರೇ ಮೇಲು. ನಾಕ್ಸ್‌ರಮಸ್ ಅನ್ನೋ ಕೊನೇ ರೇಡ್ ಮುಗಿಸಿದ್ದ ಬೆರಳೆಣಿಕೆಯ ಗಿಲ್ಡ್‌ಗಳ ಗೇರ್, ಅಂದ್ರೆ ಕವಚ-ಆಯುಧ, ಮಾತ್ರ ಇನ್ನೂ ಬಹಳ ದೂರ ಬಾಳಿಕೆ ಬಂತು. ಉಳಿದವರ ಪಾಲಿಗೆ ಎರಡು ವರ್ಷದ ಶ್ರಮ ಒಂದು ಸಂಜೆಗೆ ಪೆಟ್ಟಿಗೆ ಸೇರ್ತು.

ಇದನ್ನ ಅನ್ಯಾಯ ಅಂತ ಹಳಬರು ಇವತ್ತಿಗೂ ಹೇಳ್ತಾರೆ. ನನಗೆ ಅವರ ನೋವು ಅರ್ಥ ಆಗುತ್ತೆ. ಆದ್ರೆ ಇದರ ಇನ್ನೊಂದು ಮುಖ ನೋಡಿ. ಆ ಒಂದು ದಿನ ಹೆಚ್ಚುಕಮ್ಮಿ ಎಲ್ಲರೂ ಒಂದೇ ಗೆರೆ ಮೇಲೆ ನಿಂತರು. ರಾತ್ರಿ ಪಾಳಿ ಕೆಲಸ ಇದ್ದು ರೇಡ್‌ಗೆ ಹೋಗೋಕಾಗದೇ ಇದ್ದವನು, ಗಿಲ್ಡ್ ಬಿಟ್ಟು ಆರು ತಿಂಗಳು ಗೇಮೇ ಆಡದೇ ಇದ್ದವಳು, ಎಲ್ಲರಿಗೂ ಅದೇ ಹಸಿರು ಕವಚ. ಹಳಬರ ಗಳಿಕೆಯನ್ನ ಮಟ್ಟ ಮಾಡದೇ ಹೋದ್ರೆ ಹಿಂದೆ ಉಳಿದವರಿಗೆ ವಾಪಸ್ ಬರೋಕೆ ಕಾರಣನೇ ಇರಲ್ಲ. ಎಕ್ಸ್‌ಪ್ಯಾನ್ಷನ್ ಮಾರಾಟ ಆಗೋಕೆ ಈ ವಾಪಸ್ ಬರೋರೂ ಬೇಕು.

ಗೇರ್‌ಗಿಂತ ದೊಡ್ಡ ಪೆಟ್ಟು ಬಿದ್ದಿದ್ದು ಗಿಲ್ಡ್‌ಗಳಿಗೆ. ಬರ್ನಿಂಗ್ ಕ್ರುಸೇಡ್‌ನಲ್ಲಿ ದೊಡ್ಡ ರೇಡ್‌ನ ಗಾತ್ರ 40ರಿಂದ 25ಕ್ಕೆ ಇಳೀತು. ಕೇಳೋಕೆ ಒಳ್ಳೇ ಬದಲಾವಣೆ, 40 ಜನರನ್ನ ಒಂದೇ ಹೊತ್ತಿಗೆ ಕೂಡಿಸೋದು ಸುಲಭದ ಮಾತಲ್ಲ. ಆದ್ರೆ ಆಗಲೇ 40 ಜನ ಕೂಡಿ ಆಡ್ತಿದ್ದ ಗಿಲ್ಡ್ ಏನು ಮಾಡ್ಬೇಕು? 25 ಜನ ಒಳಗೆ, 15 ಜನ ಹೊರಗೆ. ಎರಡನೇ ತಂಡ ಕಟ್ಟೋಣ ಅಂದ್ರೆ ಇನ್ನೂ 10 ಜನ ಬೇಕು. ಅದಕ್ಕೂ ಮೊದಲು ದಾಟಬೇಕಿದ್ದ ಕರಝಾನ್ ಇನ್ನೂ ಚಿಕ್ಕದು, ಬರೀ 10 ಜನರ ರೇಡ್. ಮೊದಲನೇ ತಂಡಕ್ಕೆ ಯಾರು, ಎರಡನೇ ತಂಡಕ್ಕೆ ಯಾರು ಅನ್ನೋ ಪ್ರಶ್ನೆ ಬಂತು. ಮೊದಲನೇ ತಂಡ ಬೇಗ ಗೇರ್ ಮಾಡ್ಕೊಳ್ತು, ಎರಡನೇದು ಹಿಂದೆ ಬಿತ್ತು, ಮಾತು ಬೆಳೀತು, ಗಿಲ್ಡ್ ಒಡೀತು. ಆ ಕಾಲದಲ್ಲಿ ಆಡಿದವರನ್ನ ಕೇಳಿ ನೋಡಿ, ಕರಝಾನ್ ಅಂದ ತಕ್ಷಣ ಯಾವುದಾದ್ರೂ ಒಂದು ಮುರಿದ ಗೆಳೆತನದ ಕಥೆ ಬರುತ್ತೆ. ಒಂದು ಸಂಖ್ಯೆ ಬದಲಾದ್ರೆ ಜನರ ನಡುವಿನ ಸಂಬಂಧನೇ ಬದಲಾಗುತ್ತೆ.

ಈಗ ಹೊಸಬರ ಕಡೆ ಬರೋಣ. ಅದೇ 2007ರಲ್ಲಿ ಒಬ್ಬ ಮೊದಲನೇ ಸಲ ಈ ಗೇಮ್ ತಗೊಂಡ ಅಂತ ಇಟ್ಕೊಳ್ಳಿ. ಅವನ ಕಣ್ಣೆಲ್ಲ ಔಟ್‌ಲ್ಯಾಂಡ್ ಮೇಲೆ. ಅಲ್ಲಿಗೆ ಹೋಗೋಕೆ ಮೊದಲು ಸುಮಾರು 60 ಲೆವೆಲ್ ಹತ್ತಬೇಕು. ಆ ಲೆವೆಲ್‌ಗಳನ್ನ ಹತ್ತೋ ಕಾಲಿಮ್ಡಾರ್, ಈಸ್ಟರ್ನ್ ಕಿಂಗ್‌ಡಮ್ಸ್ ಅನ್ನೋ ಎರಡು ಹಳೇ ಖಂಡಗಳಿಂದ ಜನ ಖಾಲಿ ಆಗಿದ್ದಾರೆ. ಐದು ಜನ ಸೇರಿ ಮುಗಿಸಬೇಕಾದ ಕ್ವೆಸ್ಟ್ ಇದೆ, ಆ ಐದು ಜನ ಇಲ್ಲ. ಡಂಜನ್ ಇದೆ, ಜೊತೆಗೆ ಬರೋರಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮದ್ದೂರಿನ ಹಳೇ ರಸ್ತೆ ಬದಿ ಹೋಟೆಲ್‌ಗಳಿಗೆ ಏನಾಯ್ತೋ ಹಾಗೇ. ಅಡಿಗೆ ಅದೇ, ವಡೆ ಅದೇ, ನಿಲ್ಲೋ ಗಾಡಿ ಮಾತ್ರ ಕಮ್ಮಿ. ಆನ್‌ಲೈನ್ ಗೇಮ್‌ನಲ್ಲಿ ಜಾಗಕ್ಕೆ ಬೆಲೆ ಬರೋದು ಅಲ್ಲಿರೋ ಜನರಿಂದ. ಎಕ್ಸ್‌ಪ್ಯಾನ್ಷನ್ ಆ ಜನರನ್ನೇ ಎತ್ತಿ ಬೇರೆ ಕಡೆ ಇಡುತ್ತೆ. ಅದಕ್ಕೇ ಎಕ್ಸ್‌ಪ್ಯಾನ್ಷನ್ ಬಂದಾಗಲೆಲ್ಲ ನಾನು ಹೊಸ ಖಂಡದ ಚಿತ್ರ ನೋಡೋಕೆ ಮೊದಲು ಒಂದು ಪ್ರಶ್ನೆ ಕೇಳ್ತೀನಿ: ಹಳೇ ದಾರಿಯಲ್ಲಿ ಹೊಸಬನಿಗೆ ಹಳಬ ಎದುರಾಗ್ತಾನಾ?

ಬರ್ನಿಂಗ್ ಕ್ರುಸೇಡ್‌ನಲ್ಲಿ ಇದಕ್ಕೆ ಅರ್ಧ ಉತ್ತರ ಇತ್ತು. ಬ್ಲಡ್ ಎಲ್ಫ್, ಡ್ರನೈ ಅಂತ ಎರಡು ಹೊಸ ಜನಾಂಗ ಬಂದ್ವು, ಎರಡಕ್ಕೂ ಒಂದನೇ ಲೆವೆಲ್‌ನಿಂದ ಶುರುವಾಗೋ ಹೊಸ ಊರುಗಳು. ಹಳಬರೂ ಆಸೆಯಿಂದ ಅಲ್ಲಿ ಹೊಸ ಪಾತ್ರ ಮಾಡ್ಕೊಂಡು ಸೊನ್ನೆಯಿಂದ ಶುರು ಮಾಡಿದರು. ಹೊಸಬರು ಅವರ ಪಕ್ಕದಲ್ಲೇ ನಡೀತಾ ಕಲಿತರು. 2008ರ ನವೆಂಬರ್‌ನಲ್ಲಿ ಬಂದ ‘ರಾತ್ ಆಫ್ ದ ಲಿಚ್ ಕಿಂಗ್’ ಇದಕ್ಕೆ ಉಲ್ಟಾ ಮಾಡ್ತು. ಅದರ ಡೆತ್ ನೈಟ್ ಅನ್ನೋ ಹೊಸ ಕ್ಲಾಸ್ ಶುರುವಾಗ್ತಿದ್ದಿದ್ದೇ 55ನೇ ಲೆವೆಲ್‌ನಲ್ಲಿ, ಅದನ್ನ ಮಾಡ್ಕೊಳ್ಳೋಕೆ ಮೊದಲೇ 55 ಮುಟ್ಟಿದ ಒಂದು ಪಾತ್ರ ಇರಬೇಕಿತ್ತು. ಅಂದ್ರೆ ಅದು ಹಳಬರಿಗೆ ಕೊಟ್ಟ ಉಡುಗೊರೆ. ಕಥೆ, ರೇಡ್ ಎರಡರಲ್ಲೂ ಅದ್ಭುತವಾದ ಎಕ್ಸ್‌ಪ್ಯಾನ್ಷನ್ ಅದು, 2010ರ ಅಕ್ಟೋಬರ್ ಹೊತ್ತಿಗೆ ಗೇಮ್‌ನ ಚಂದಾದಾರರು 1 ಕೋಟಿ 20 ಲಕ್ಷಕ್ಕೆ ಮುಟ್ಟಿದ್ದರು. ಒಂದನೇ ಲೆವೆಲ್‌ನ ಹೊಸಬನಿಗೆ ಮಾತ್ರ ಅದರಲ್ಲಿ ಹೊಸ ಊರು ಇರಲಿಲ್ಲ.

ಗೇಮ್ ಒಳಗಿನ ಆರ್ಥಿಕತೆಯಲ್ಲೂ ಒಂದು ಕುತೂಹಲದ ವಿಷಯ ನಡೆಯುತ್ತೆ. ಹೊಸ ಖಂಡದಲ್ಲಿ ಹಳಬರಿಗೆ ಚಿನ್ನ ಧಾರಾಳವಾಗಿ ಸಿಗುತ್ತೆ, ಆಟಗಾರರು ಮಾಲು ಮಾರೋ ಆಕ್ಷನ್ ಹೌಸ್‌ನಲ್ಲಿ ಬೆಲೆ ಏರುತ್ತೆ. ಹೊಸಬ ಕಂಗಾಲಾಗ್ತಾನೆ ಅನ್ಸುತ್ತೆ ಅಲ್ವಾ? ಆದ್ರೆ ಬರ್ನಿಂಗ್ ಕ್ರುಸೇಡ್ ಜ್ಯುವೆಲ್‌ಕ್ರಾಫ್ಟಿಂಗ್ ಅನ್ನೋ ಹೊಸ ಕಸುಬು ತಂದಿತ್ತು. ಅದನ್ನ ಕಲಿಯೋಕೆ ಹಳಬರಿಗೂ ಮೊದಮೊದಲು ಬೇಕಾಗಿದ್ದು ತಾಮ್ರ. ವಾಪಸ್ ಹೋಗಿ ಅಗೆಯೋ ತಾಳ್ಮೆ ಅವರಿಗಿಲ್ಲ, ಕೈಯಲ್ಲಿ ದುಡ್ಡಿದೆ. ಹೊಸಬ ಊರ ಹೊರಗಿನ ಗುಡ್ಡದಲ್ಲಿ ಅಗೆದ ತಾಮ್ರದ ಅದಿರಿಗೆ ಒಳ್ಳೇ ಬೆಲೆ ಕೊಟ್ಟರು. ಹಳಬರ ಅವಸರದಿಂದ ಹೊಸಬನ ಜೇಬು ತುಂಬ್ತು.

2010ರ ಡಿಸೆಂಬರ್‌ನ ‘ಕ್ಯಾಟಕ್ಲಿಸಂ’ ಬೇರೆ ದಾರಿ ಹಿಡೀತು. ಹಳೇ ಖಂಡ ಖಾಲಿ ಆಗಿದೆ ಅಲ್ವಾ, ಹಾಗಾದ್ರೆ ಅದನ್ನೇ ಒಡೆದು ಹೊಸದಾಗಿ ಕಟ್ಟೋಣ ಅಂತ ಈ ಗೇಮ್ ಮಾಡಿದ ಬ್ಲಿಝರ್ಡ್ ಕಂಪನಿ ತೀರ್ಮಾನ ಮಾಡ್ತು. ಡೆತ್‌ವಿಂಗ್ ಅನ್ನೋ ಡ್ರ್ಯಾಗನ್ ಎದ್ದು ಬಂದು ಲೋಕನ ಸೀಳಿತು ಅನ್ನೋದು ಕಥೆ. ಬ್ಯಾರೆನ್ಸ್ ಬಯಲು ಎರಡು ಹೋಳಾಯ್ತು, ಥೌಸಂಡ್ ನೀಡಲ್ಸ್ ಕಣಿವೆಯಲ್ಲಿ ನೀರು ತುಂಬ್ತು, ಆಬರ್‌ಡೀನ್ ಪಟ್ಟಣ ನೆಲಸಮ. ಹೊಸಬರಿಗೆ ಕ್ವೆಸ್ಟ್‌ಗಳು ಚೊಕ್ಕಟವಾದ್ವು, ಓಡಾಟ ಕಮ್ಮಿ ಆಯ್ತು. ಆದ್ರೆ ಕಾಲದ ಲೆಕ್ಕ ಕೆಟ್ಟುಹೋಯ್ತು. 60ರವರೆಗೆ 2010ರ ಕಥೆ, ಆಮೇಲೆ ಔಟ್‌ಲ್ಯಾಂಡ್‌ಗೆ ಹೋದ್ರೆ 2007ರ ಕಥೆ, ಲಿಚ್ ಕಿಂಗ್‌ನ ಖಂಡವಾದ ನಾರ್ತ್‌ರೆಂಡ್‌ನಲ್ಲಿ 2008ರ ಕಥೆ, ಮತ್ತೆ ತಿರುಗಿ 2010. ಮೊದಲ ಸಲ ಆಡೋನಿಗೆ ಯಾರು ಸತ್ತರು, ಯಾರು ಬದುಕಿದ್ದಾರೆ ಅನ್ನೋದೇ ಗೊತ್ತಾಗ್ತಿರಲಿಲ್ಲ.

ಹಳಬರಿಗೆ ಆಗಿದ್ದು ಇನ್ನೂ ಆಳವಾದ ನಷ್ಟ. ಪುಸ್ತಕ ಹಳೇದಾದ್ರೂ ಕಪಾಟಿನಲ್ಲಿ ಇರುತ್ತೆ. ಈ ಲೋಕ ಸರ್ವರ್‌ನಿಂದಲೇ ಅಳಿಸಿಹೋಯ್ತು, ಮತ್ತೆ ನೋಡ್ತೀನಿ ಅಂದ್ರೆ ಎಲ್ಲೂ ಇರಲಿಲ್ಲ. ಅದಕ್ಕೇ ಜನ ಹಳೇ ಗೇಮನ್ನ ಅನುಮತಿ ಇಲ್ಲದ ಖಾಸಗಿ ಸರ್ವರ್‌ಗಳಲ್ಲಿ ಮತ್ತೆ ಕಟ್ಟಿದರು. ಅದರಲ್ಲಿ ಹೆಸರಾಗಿದ್ದ ನಾಸ್ಟಾಲ್ರಿಯಸ್, ಬ್ಲಿಝರ್ಡ್ ಕಾನೂನು ಕ್ರಮಕ್ಕೆ ಮುಂದಾದ ಮೇಲೆ 2016ರ ಏಪ್ರಿಲ್‌ನಲ್ಲಿ ಬಾಗಿಲು ಹಾಕ್ತು. ಹಳೇ ಗೇಮ್ ಅಧಿಕೃತವಾಗಿ ಬೇಕು ಅಂತ ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಕೊನೆಗೆ 2019ರ ಆಗಸ್ಟ್‌ನಲ್ಲಿ ಬ್ಲಿಝರ್ಡ್ ತಾನೇ ‘ಕ್ಲಾಸಿಕ್’ ಹೊರತಂತು, ಯಾವ ಎಕ್ಸ್‌ಪ್ಯಾನ್ಷನ್ನೂ ಬರೋಕೆ ಮೊದಲಿನ ಲೋಕ. ಎರಡು ವರ್ಷ ಆಗೋದ್ರೊಳಗೆ ಅದಕ್ಕೂ ಬರ್ನಿಂಗ್ ಕ್ರುಸೇಡ್ ಬಂತು! ಆದ್ರೆ ಈ ಸಲ ಒಂದು ಒಳ್ಳೇ ಕೆಲಸ ಮಾಡಿದರು. ನಿಮ್ಮ ಪಾತ್ರ ಮುಂದಕ್ಕೆ ಹೋಗಬೇಕಾ, ಇಲ್ಲೇ ಉಳೀಬೇಕಾ ಅಂತ ಒಬ್ಬೊಬ್ಬರನ್ನೂ ಕೇಳಿದರು. ಹಳೇ ಲೋಕವನ್ನ ಅಳಿಸದೆ ಹೊಸದಕ್ಕೆ ಹೋಗಬಹುದು ಅನ್ನೋದು ಹೀಗೆ ಸಾಬೀತಾಯ್ತು.

ಮೂಲ ಗೇಮ್‌ನಲ್ಲಿ ಈ ನಡುವೆ ಲೆವೆಲ್ ಏಣಿ ಉದ್ದ ಆಗ್ತಾನೇ ಹೋಗಿತ್ತು. 2014ರ ‘ವಾರ್‌ಲಾರ್ಡ್ಸ್ ಆಫ್ ಡ್ರೇನಾರ್’ ತಗೊಂಡವರಿಗೆ ಒಂದು ಪಾತ್ರನ ನೇರವಾಗಿ 90ಕ್ಕೆ ಏರಿಸೋ ಸೌಲಭ್ಯ ಕೊಟ್ಟರು. ಹೊಸಬನಿಗೆ ಇದು ಉಪಕಾರ ಅನ್ನಿಸಬಹುದು, ನನಗೆ ಹಾಗನ್ನಿಸಲ್ಲ. ಪರದೆ ತುಂಬ ಬಟನ್, ಯಾವುದು ಏನು ಮಾಡುತ್ತೆ ಅಂತ ಕಲಿಸೋ 89 ಲೆವೆಲ್ ಮಾಯ. ಆ ಎಕ್ಸ್‌ಪ್ಯಾನ್ಷನ್ ಬಂದಾಗ ಚಂದಾದಾರರು ಒಂದು ಕೋಟಿ ದಾಟಿದ್ದರು, 2015ರ ಮಧ್ಯದ ಹೊತ್ತಿಗೆ 56 ಲಕ್ಷಕ್ಕೆ ಇಳಿದರು. ಅದಕ್ಕೆ ಕಾರಣ ಹಲವು ಇರಬಹುದು, ಆದ್ರೆ ಜನರನ್ನ ಒಳಗೆ ಕರೆಯೋದೂ ಒಳಗೆ ಉಳಿಸ್ಕೊಳ್ಳೋದೂ ಬೇರೆಬೇರೆ ಅನ್ನೋದು ಈ ಅಂಕಿಯಲ್ಲಿ ಕಾಣುತ್ತೆ. 2020ರ ‘ಶ್ಯಾಡೋಲ್ಯಾಂಡ್ಸ್’ ಹೊತ್ತಿಗೆ ಏಣಿಯನ್ನೇ ಕತ್ತರಿಸಿದರು. 120ನೇ ಲೆವೆಲ್ 50 ಆಯ್ತು, ಹೊಸ ತುದಿ 60. ಹೊಸಬರಿಗೆ ಎಕ್ಸೈಲ್ಸ್ ರೀಚ್ ಅನ್ನೋ ದ್ವೀಪದಲ್ಲಿ ಮೊದಲ 10 ಲೆವೆಲ್‌ನ ಪಾಠ, ಆಮೇಲೆ ಒಂದೇ ಎಕ್ಸ್‌ಪ್ಯಾನ್ಷನ್ ಆಡಿ 50 ಮುಟ್ಟೋ ಅವಕಾಶ ಸಿಕ್ತು. ಇದು ಒಳ್ಳೇ ರಿಪೇರಿ.

ಬೇರೆ ಗೇಮ್‌ಗಳೂ ಇದೇ ಗಂಟನ್ನ ತಮ್ಮ ತಮ್ಮ ರೀತಿ ಬಿಚ್ಚೋಕೆ ನೋಡಿವೆ. ಗಿಲ್ಡ್ ವಾರ್ಸ್ 2 ಬಂದಿದ್ದು 2012ರಲ್ಲಿ, ಅವತ್ತಿನಿಂದ ಅದರ ಕೊನೇ ಲೆವೆಲ್ 80, ಬದಲಾಗಿಲ್ಲ. ಕಷ್ಟಪಟ್ಟು ಮಾಡಿದ ಗೇರ್ ವರ್ಷಗಟ್ಟಲೆ ನಡೆಯುತ್ತೆ. ಅಲ್ಲಿನ ಎಕ್ಸ್‌ಪ್ಯಾನ್ಷನ್‌ಗಳು ಗಾಳಿಯಲ್ಲಿ ತೇಲೋ ಗ್ಲೈಡರ್, ಸವಾರಿ ಪ್ರಾಣಿಗಳು, ಇಂಥವನ್ನ ಕೊಡ್ತವೆ. ಆದ್ರೆ ಅಲ್ಲೂ ಹೊಸಬ ನಡ್ಕೊಂಡು ಓಡಿ ಬರೋದ್ರೊಳಗೆ ಸವಾರಿ ಮೇಲೆ ಬಂದ ಹಳಬರು ಈವೆಂಟ್ ಮುಗಿಸಿಬಿಟ್ಟಿರ್ತಾರೆ.

ಡೆಸ್ಟಿನಿ 2 ಮಾಡಿದ್ದನ್ನ ಮಾತ್ರ ನಾನು ಒಪ್ಪಲ್ಲ. 2020ರ ನವೆಂಬರ್‌ನಲ್ಲಿ ‘ಬಿಯಾಂಡ್ ಲೈಟ್’ ಬಂದಾಗ ಬಂಜೀ ಕಂಪನಿ ಕೆಲವು ಹಳೇ ಗ್ರಹಗಳನ್ನೂ, ಮೂಲ ಕಥೆಯಾದ ರೆಡ್ ವಾರನ್ನೂ ಗೇಮ್‌ನಿಂದ ತೆಗೆದಿಟ್ಟಿತು. ಗೇಮ್ ಬಹಳ ದೊಡ್ಡದಾಯ್ತು, ನಿಭಾಯಿಸೋದು ಕಷ್ಟ ಅನ್ನೋ ಕಾರಣ ಸುಳ್ಳಲ್ಲ. ಆದ್ರೂ ದುಡ್ಡು ಕೊಟ್ಟ ಹಳಬನ ಕೈಯಿಂದ ಕಥೆ ಹೋಯ್ತು, ಹೊಸಬ ಬಂದ್ರೆ ಕಥೆಗೆ ತಲೆನೇ ಇಲ್ಲ.

ಹಳೇ ದಾರಿಯಲ್ಲಿ ಹೊಸಬನಿಗೆ ಹಳಬ ಎದುರಾಗ್ತಾನಾ ಅನ್ನೋ ನನ್ನ ಪ್ರಶ್ನೆಗೆ ಇದುವರೆಗೆ ಸಿಕ್ಕಿರೋ ಅತ್ಯುತ್ತಮ ಉತ್ತರ ಫೈನಲ್ ಫ್ಯಾಂಟಸಿ 14ರಲ್ಲಿದೆ. ಅಲ್ಲಿ ಕಥೆಯೇ ರಸ್ತೆ. 2013ರ ‘ಎ ರೆಲ್ಮ್ ರೀಬಾರ್ನ್’ ಮುಗಿಸದೆ 2015ರ ‘ಹೆವನ್ಸ್‌ವರ್ಡ್’ ತೆರೆಯಲ್ಲ, ಅದನ್ನ ಮುಗಿಸದೆ ಮುಂದಿನದಿಲ್ಲ. ದುಡ್ಡು ಕೊಟ್ಟು ಹಾರೋ ದಾರಿ ಇದೆ, ಆದ್ರೆ ಕಥೆಗಾಗಿ ಬರೋರು ಹಾರೋಕೆ ಇಷ್ಟಪಡಲ್ಲ. ನೂರಾರು ಗಂಟೆಯ ದಾರಿ, ನಡುನಡುವೆ ನಾಲ್ಕು ಜನರ ಡಂಜನ್, ಎಂಟು ಜನರ ಯುದ್ಧ. ಹತ್ತು ವರ್ಷದ ಹಿಂದಿನ ಡಂಜನ್‌ಗೆ ಇವತ್ತು ಜೊತೆ ಎಲ್ಲಿಂದ ಬರುತ್ತೆ? ಡ್ಯೂಟಿ ರೂಲೆಟ್ ಅನ್ನೋ ವ್ಯವಸ್ಥೆಯಿಂದ. ತುದಿ ಮುಟ್ಟಿದ ಹಳಬರಿಗೆ ಹೊಸ ಗೇರ್‌ಗೆ ಬೇಕಾದ ನಾಣ್ಯ ದಿನಕ್ಕೊಮ್ಮೆ ರೂಲೆಟ್‌ನಲ್ಲಿ ಸಿಗುತ್ತೆ. ಸರದಿಗೆ ನಿಂತರೆ ಯಾವ ಹಳೇ ಡಂಜನ್ ಬರುತ್ತೋ ಗೊತ್ತಿಲ್ಲ. ಒಳಗೆ ಹೋದ ತಕ್ಷಣ ಅವರ ಲೆವೆಲ್ ಆ ಡಂಜನ್‌ನ ಮಟ್ಟಕ್ಕೆ ಇಳಿಯುತ್ತೆ. ಗುಂಪಿನಲ್ಲಿ ಮೊದಲ ಸಲ ಬಂದವರಿದ್ದರೆ ಎಲ್ಲರಿಗೂ ಹೆಚ್ಚುವರಿ ಬಹುಮಾನ. ಹೊಸಬರ ಹೆಸರಿನ ಪಕ್ಕ ಒಂದು ಹಸಿರು ಮೊಳಕೆಯ ಗುರುತು ಇರುತ್ತೆ. ಆ ಗುರುತು ಕಂಡ್ರೆ ಹಳಬರಿಗೆ ಖುಷಿ, ಯಾಕಂದ್ರೆ ಹೊಸಬ ಇದ್ದರೆ ಲಾಭ. ಎಷ್ಟು ಸರಳ ನೋಡಿ: ಒಳ್ಳೇತನ ತೋರಿಸಿ ಅಂತ ಬೋರ್ಡ್ ಹಾಕಲಿಲ್ಲ, ಹೊಸಬನ ಜೊತೆ ಹೋಗೋದಕ್ಕೆ ಕೂಲಿ ಕೊಟ್ಟರು. ಕಲಿತ ದೊಡ್ಡ ವಿದ್ಯೆಗಳು ಲೆವೆಲ್ ಇಳಿದಾಗ ಕೆಲಸಕ್ಕೆ ಬರಲ್ಲ, ಅದೇ ಡಂಜನ್ ಎಷ್ಟನೇ ಸಲನೋ, ಬೇಸರ ಖಂಡಿತ ಆಗುತ್ತೆ. ಆ ಬೇಸರನ ಹಳಬರು ಹೊತ್ಕೊಂಡಿರೋದ್ರಿಂದಲೇ ಹಳೇ ದಾರಿ ಇವತ್ತಿಗೂ ಜೀವಂತ ಇದೆ.

ಇದನ್ನ ನೀವೇ ನೋಡಬೇಕು ಅನ್ನಿಸಿದರೆ ದುಡ್ಡು ಖರ್ಚು ಮಾಡದೆ ನೋಡಬಹುದು. ಫೈನಲ್ ಫ್ಯಾಂಟಸಿ 14ರ ಫ್ರೀ ಟ್ರಯಲ್‌ನಲ್ಲಿ 2023ರ ಅಕ್ಟೋಬರ್‌ನಿಂದ ‘ಸ್ಟಾರ್ಮ್‌ಬ್ಲಡ್’ ಅನ್ನೋ ಎಕ್ಸ್‌ಪ್ಯಾನ್ಷನ್‌ವರೆಗೆ, ಅಂದ್ರೆ 70ನೇ ಲೆವೆಲ್‌ವರೆಗೆ, ದಿನದ ಮಿತಿ ಇಲ್ಲದೆ ಆಡಬಹುದು. ಆದ್ರೆ ಒಂದು ಸಲ ಪೂರ್ತಿ ಗೇಮ್ ಕೊಂಡ್ರೆ ಆ ಅಕೌಂಟ್ ಮತ್ತೆ ಟ್ರಯಲ್‌ಗೆ ವಾಪಸ್ ಹೋಗಲ್ಲ, ತಿಂಗಳ ಚಂದಾ ಶುರುವಾಗುತ್ತೆ. ಹಾಗಾಗಿ ಡಿಸ್ಕೌಂಟ್ ಕಂಡ ತಕ್ಷಣ ಕೊಳ್ಳಬೇಡಿ. ಮೊದಲು ಹೆವನ್ಸ್‌ವರ್ಡ್ ಮುಗಿಸಿ, ಆಮೇಲೆ ಯೋಚನೆ ಮಾಡಿ.